ಗಣಕಯಂತ್ರ ಕೆಟ್ಟಾಗ: ದೋಷ ಎಲ್ಲಿದೆ?



“ಕಂಪ್ಯೂಟರ್ ಕೆಟ್ಟಿದೆ” ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಈ ಮಾತಿನ ಹಿಂದೆ ಮೂರು ಬೇರೆ ಬೇರೆ ತೊಂದರೆಗಳಿರಬಹುದು. ಕೈಯಿಂದ ಮುಟ್ಟಬಹುದಾದ ಭಾಗಗಳು, ಅಂದರೆ ಯಂತ್ರಾಂಶ, ಕೆಟ್ಟಿರಬಹುದು. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ ವಿಂಡೋಸ್ ಅಥವಾ ಲಿನಕ್ಸ್‌ನಂಥ ಕಾರ್ಯಾಚರಣ ವ್ಯವಸ್ಥೆ, ಕೆಟ್ಟಿರಬಹುದು. ಇಲ್ಲವೇ ಏನೂ ಕೆಟ್ಟಿರದೆ, ತಂತ್ರಾಂಶವನ್ನು ಬಳಸುವ ಪರವಾನಗಿಯಲ್ಲಿ ತೊಡಕಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ರೋಗ ತಿಳಿಯದೆ ಮದ್ದು ಕೊಟ್ಟರೆ ಹಣ ಹೋಗುತ್ತದೆ. ಜೊತೆಗೆ ನಿಮ್ಮ ಟಿಪ್ಪಣಿಗಳು, ಪ್ರಾಜೆಕ್ಟ್ ವರದಿ, ಮನೆಯವರ ಫೋಟೋಗಳೂ ಹೋಗಬಹುದು.

ಖಾನಾಪುರ ತಾಲ್ಲೂಕಿನ ವಿದ್ಯಾರ್ಥಿಗೆ ಈ ವಿವೇಚನೆ ಇನ್ನೂ ಅಗತ್ಯ. ಸಿಪಿಯು ಪೆಟ್ಟಿಗೆಯನ್ನು ಹೊತ್ತು ಬೆಳಗಾವಿಗೆ ಹೋಗಬೇಕೆಂದರೆ ಖಾನಾಪುರ ಪಟ್ಟಣದಿಂದಲೇ ಸುಮಾರು 26 ಕಿ.ಮೀ. ದಾರಿ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯವರಿಗೆ ಇನ್ನೂ ದೂರ. ಆದ್ದರಿಂದ ಹೊರಡುವ ಮುನ್ನ ಮನೆಯಲ್ಲೇ ಏನೇನು ಪರೀಕ್ಷಿಸಬಹುದೆಂದು ನೋಡೋಣ.

ಎಲ್ಲಿಗೆ ಬಂದು ನಿಂತಿತು?

ಗುಂಡಿ ಒತ್ತಿದೊಡನೆ ಯಂತ್ರದೊಳಗೆ ಕೆಲಸಗಳು ಒಂದಾದ ಮೇಲೊಂದರಂತೆ ನಡೆಯುತ್ತವೆ. ಮೊದಲು ವಿದ್ಯುತ್ ಬರುತ್ತದೆ. ಬಳಿಕ ಮದರ್‌ಬೋರ್ಡಿನಲ್ಲಿರುವ ಬಯಾಸ್ ಎಂಬ ಪುಟ್ಟ ತಂತ್ರಾಂಶ ಎಲ್ಲ ಭಾಗಗಳನ್ನೂ ಪರೀಕ್ಷಿಸುತ್ತದೆ. ಆಮೇಲೆ ಅದು ಡಿಸ್ಕಿನಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ಹುಡುಕಿ, ಅದಕ್ಕೆ ಕೆಲಸ ಒಪ್ಪಿಸುತ್ತದೆ. ಈ ಸಾಲಿನಲ್ಲಿ ಯಂತ್ರ ಎಲ್ಲಿ ನಿಂತಿತು ಎಂಬುದೇ ದೋಷದ ಸುಳಿವು.

ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲವೇ? ಅದೇ ಪ್ಲಗ್ಗಿಗೆ ಟೇಬಲ್ ದೀಪ ಹಾಕಿ ನೋಡಿ. ಅದು ಹತ್ತಿದರೆ ವೈರು ಅಥವಾ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮೇಲೆ ಸಂಶಯ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪಗಿದೆಯೇ? ಮಾನಿಟರಿನ ಕೇಬಲ್ ನೋಡಿ. ಯಂತ್ರ ಬೀಪ್ ಎಂದು ಕೂಗುತ್ತಿದ್ದರೆ ಅದು ಬಯಾಸ್ ನೀಡುವ ದೂರು. ಎಷ್ಟು ಸಲ ಕೂಗಿತೆಂದು ಬರೆದುಕೊಳ್ಳಿ. ಮಲೆನಾಡಿನ ಮಳೆಗಾಲದ ತೇವಕ್ಕೆ ರ್‍ಯಾಮ್‌ನ ಅಂಚಿನ ಪಟ್ಟಿಗಳು ಮಸುಕಾಗುವುದುಂಟು. ಪ್ಲಗ್ ತೆಗೆದು, ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ, ರ್‍ಯಾಮ್ ಹೊರತೆಗೆದು, ಅಂಚನ್ನು ಒಣ ಮೃದು ಬಟ್ಟೆಯಿಂದ ಒರೆಸಿ ಗಟ್ಟಿಯಾಗಿ ಕೂರಿಸಿ. ಎಷ್ಟೋ ಸಲ ಇಷ್ಟರಲ್ಲೇ ಯಂತ್ರ ಎದ್ದು ಕೂರುತ್ತದೆ.

ಗಡಿಯಾರ ಪ್ರತಿದಿನ ಹಿಂದಕ್ಕೆ ಹೋಗುತ್ತಿದೆಯೇ? ಮದರ್‌ಬೋರ್ಡಿನಲ್ಲಿ ನಾಣ್ಯದಂಥ 3 ವೋಲ್ಟಿನ ಬ್ಯಾಟರಿಯೊಂದಿದೆ. ಸಾಮಾನ್ಯವಾಗಿ ಅದರ ಮೇಲೆ ‘ಸಿಆರ್ 2032’ ಎಂದಿರುತ್ತದೆ: 20 ಮಿ.ಮೀ. ವ್ಯಾಸ, 3.2 ಮಿ.ಮೀ. ದಪ್ಪ. ಇದು ಬರಿದಾದರೆ ದಿನಾಂಕ ತಪ್ಪುತ್ತದೆ. ದಿನಾಂಕ ತಪ್ಪಿದರೆ ಜಾಲತಾಣಗಳ ಸುರಕ್ಷತಾ ಪತ್ರಗಳು ಹೊಂದುವುದಿಲ್ಲ, ವಿಂಡೋಸ್ ಪರವಾನಗಿಯ ದೃಢೀಕರಣವೂ ವಿಫಲವಾಗಬಹುದು. ನೋಡಲು ಇಂಟರ್‌ನೆಟ್ ತೊಂದರೆ, ಪರವಾನಗಿ ತೊಂದರೆ. ಮೂಲದಲ್ಲಿ ಸಣ್ಣ ಬ್ಯಾಟರಿ!

ಪೆನ್‌ಡ್ರೈವ್ ಪರೀಕ್ಷೆ

ವಿಂಡೋಸ್ ಆರಂಭವಾಗಿ ನಡುವೆ ನಿಂತರೆ ದೋಷ ಯಂತ್ರದ್ದೋ ತಂತ್ರಾಂಶದ್ದೋ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೊಂದು ಸೊಗಸಾದ ಪರೀಕ್ಷೆಯಿದೆ. ಸ್ನೇಹಿತರ ಕಂಪ್ಯೂಟರಿನಲ್ಲಿ ಲಿನಕ್ಸ್ ಇರುವ ಪೆನ್‌ಡ್ರೈವ್ ಸಿದ್ಧಪಡಿಸಿಕೊಳ್ಳಿ. ಅದರಿಂದಲೇ ನಿಮ್ಮ ಯಂತ್ರವನ್ನು ಆರಂಭಿಸಿ, ಸ್ಥಾಪಿಸದೆ ಬಳಸುವ ಆಯ್ಕೆಯನ್ನು ಆರಿಸಿ. ಆಗ ಒಳಗಿನ ಡಿಸ್ಕಿಗೆ ಏನೂ ಬರೆಯುವುದಿಲ್ಲ. ಅರ್ಧ ಗಂಟೆ ಸುಗಮವಾಗಿ ನಡೆದರೆ ಮದರ್‌ಬೋರ್ಡು, ರ್‍ಯಾಮ್, ಪರದೆ ಬಹುಪಾಲು ಸರಿಯಾಗಿವೆ ಎಂದರ್ಥ. ಇನ್ನು ಉಳಿಯುವುದು ಡಿಸ್ಕು ಇಲ್ಲವೇ ವಿಂಡೋಸ್.

ಇನ್ನೊಂದು ಲಾಭವಿದೆ. ಡಿಸ್ಕಿನಲ್ಲಿರುವ ನಿಮ್ಮ ಕಡತಗಳನ್ನು ಇಲ್ಲಿಂದಲೇ ಬೇರೆಡೆಗೆ ನಕಲು ಮಾಡಿಕೊಳ್ಳಬಹುದು. ಡಿಸ್ಕನ್ನು ಬಿಟ್‌ಲಾಕರ್ ಬೀಗ ಹಾಕಿದ್ದರೆ ಮಾತ್ರ 48 ಅಂಕೆಗಳ ಕೀಲಿ ಬೇಕಾಗುತ್ತದೆ. ಅದನ್ನು ಇಂದೇ ಬರೆದಿಟ್ಟುಕೊಳ್ಳಿ. ಡಿಸ್ಕು ಟಕ್ ಟಕ್ ಎನ್ನುತ್ತಿದ್ದರೆ ಪದೇ ಪದೇ ಆರಂಭಿಸಬೇಡಿ; ಪ್ರತಿ ಸಲವೂ ಮಾಹಿತಿ ಉಳಿಯುವ ಸಾಧ್ಯತೆ ಕಡಿಮೆಯಾಗುತ್ತದೆ.

ಪರವಾನಗಿ ಎಂದರೇನು?

ವಿಂಡೋಸ್ ಕೊಂಡಾಗ ನಾವು ಕೊಳ್ಳುವುದು ತಂತ್ರಾಂಶವನ್ನಲ್ಲ, ಅದನ್ನು ಬಳಸುವ ಅನುಮತಿಯನ್ನು. ಯಂತ್ರದ ಜೊತೆಗೇ ಬಂದ ಪರವಾನಗಿ ಆ ಯಂತ್ರಕ್ಕೆ ಮಾತ್ರ ಸೇರಿದ್ದು. ಬಿಡಿಯಾಗಿ ಕೊಂಡದ್ದನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಒಯ್ಯಬಹುದು. ಮದರ್‌ಬೋರ್ಡು ಬದಲಿಸಿದಾಗ ವಿಂಡೋಸಿಗೆ ಅದು ಹೊಸ ಯಂತ್ರದಂತೆ ಕಾಣುತ್ತದೆ. ಪರವಾನಗಿಯ ಸಂದೇಶ ಬರುವುದು ಇದರಿಂದಲೇ, ವೈರಸ್‌ನಿಂದಲ್ಲ. ಈ ಸಂದೇಶ ಬಂದರೆ ಪರದೆಯ ಮೂಲೆಯಲ್ಲಿ ಬರಹ ನಿಲ್ಲುತ್ತದೆ, ಹಿನ್ನೆಲೆ ಚಿತ್ರ ಬದಲಿಸಲಾಗುವುದಿಲ್ಲ. ನಿಮ್ಮ ಕಡತಗಳಿಗೆ ಏನೂ ಆಗುವುದಿಲ್ಲ.

ಒಂದು ಮಾತು ನೆನಪಿಡಿ. 2012ರಲ್ಲಿ ಬಂದ ವಿಂಡೋಸ್ 8ರ ನಂತರ, ವಿಂಡೋಸ್ ಸಹಿತ ಮಾರಾಟವಾದ ಬಹುತೇಕ ಯಂತ್ರಗಳ ಮದರ್‌ಬೋರ್ಡಿನಲ್ಲೇ ಕೀಲಿ ಅಡಗಿರುತ್ತದೆ. ಅಂಥ ಯಂತ್ರಕ್ಕೆ ಅದೇ ಆವೃತ್ತಿಯನ್ನು ಮರಳಿ ಹಾಕಿದರೆ ಹೊಸ ಕೀಲಿಗೆ ಹಣ ಕೊಡಬೇಕಾಗಿಲ್ಲ.

ಬೀಗ ಮುರಿಯುವ ‘ಕ್ರ್ಯಾಕ್’ ತಂತ್ರಾಂಶಗಳ ಆಸೆಗೆ ಬೀಳಬೇಡಿ. ಅವು ಮೊದಲು ಕೇಳುವುದೇ ಆಂಟಿವೈರಸ್ ನಿಲ್ಲಿಸಿ ಎಂದು. ಕಳ್ಳನಿಗೆ ಬಾಗಿಲು ತೆರೆಯಲು ಕಾವಲುಗಾರನನ್ನೇ ಮನೆಗೆ ಕಳಿಸಿದಂತೆ! ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಸೇರಿದ 63ಬಿ ಕಲಮು, ತಿಳಿದೂ ತಿಳಿದು ಅಕ್ರಮ ಪ್ರತಿ ಬಳಸುವುದನ್ನು ಅಪರಾಧವೆಂದು ಹೇಳುತ್ತದೆ. ಅದೇ ಕಾಯ್ದೆ, ಸಕ್ರಮವಾಗಿ ಪಡೆದ ತಂತ್ರಾಂಶದ ರಕ್ಷಣಾ ಪ್ರತಿ ಮಾಡಿಕೊಳ್ಳಲು ಅವಕಾಶವನ್ನೂ ಕೊಟ್ಟಿದೆ.

ಹಣವಿಲ್ಲದವರಿಗೆ ದಾರಿಯಿಲ್ಲವೇ? ಇದೆ. ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ಪತ್ರ ಮತ್ತು ಲೆಕ್ಕಪಟ್ಟಿಗಳಿಗೆ ಲಿಬ್ರೆ ಆಫೀಸ್, ಇವನ್ನು ಉಚಿತವಾಗಿ ಬಳಸಬಹುದು, ಸ್ನೇಹಿತರಿಗೂ ಹಂಚಬಹುದು. ಹಂಚುವುದಕ್ಕೆ ಅವುಗಳ ಪರವಾನಗಿಯೇ ಅನುಮತಿ ಕೊಡುತ್ತದೆ.

ಹಳೆಯ ಯಂತ್ರದ ಪ್ರಶ್ನೆ

ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ನವೀಕರಣ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಅವಕಾಶವನ್ನು ಕಂಪನಿ ಆಗ ಪ್ರಕಟಿಸಿತು. ಯಂತ್ರ ಅಂದೇ ನಿಂತುಹೋಗಲಿಲ್ಲ ನಿಜ. ಆದರೆ ನವೀಕರಣವಿಲ್ಲದ ಯಂತ್ರಕ್ಕೆ ಅಪಾಯ ಹೆಚ್ಚು. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವಾನ್ನಾಕ್ರೈ ನೆನಪಿಸಿಕೊಳ್ಳಿ. ಅದು ಬಳಸಿದ ಬಿರುಕಿಗೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು. ತೇಪೆ ಹಾಕಿಕೊಳ್ಳದ ಯಂತ್ರಗಳೇ ಅದಕ್ಕೆ ಸಿಕ್ಕಿಬಿದ್ದವು.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಜೊತೆಗೆ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. “ಟಿಪಿಎಂ ಇಲ್ಲ” ಎಂದೊಡನೆ ಹೊಸ ಯಂತ್ರ ಕೊಳ್ಳಲು ಓಡಬೇಡಿ. ಬಯಾಸ್‌ನಲ್ಲಿ ಅದನ್ನು ನಿಲ್ಲಿಸಿಟ್ಟಿರಬಹುದು. ನಿಜವಾಗಿಯೂ ಇಲ್ಲದಿದ್ದರೆ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿ ಇನ್ನಷ್ಟು ವರ್ಷ ದುಡಿಸಬಹುದು.

ಕನ್ನಡದಲ್ಲಿ ಬರೆಯುವವರು ಒಂದು ಎಚ್ಚರ ವಹಿಸಬೇಕು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಕಡತ ಕೆಟ್ಟಿರುವುದಿಲ್ಲ. ಅದನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಯಾವ ವ್ಯವಸ್ಥೆಯಲ್ಲಾದರೂ ಓದಬಹುದು.

ಸಿಡಿಲು ಮತ್ತು ವಿದ್ಯುತ್

ಗುಡುಗು ಆರಂಭವಾಗುವ ಮುನ್ನವೇ ಪ್ಲಗ್ ತೆಗೆಯಿರಿ. ಇಂಟರ್‌ನೆಟ್ ಕೇಬಲ್ ಕೂಡ ತೆಗೆಯಿರಿ. ತಾಮ್ರದ ತಂತಿಯ ಮೂಲಕವೂ ಸಿಡಿಲಿನ ಹೊಡೆತ ಒಳಬರುತ್ತದೆ. ಸ್ವಿಚ್ ಆರಿಸಿದರಷ್ಟೇ ಸಾಲದು. ಇನ್ನು ಸಣ್ಣ ಯುಪಿಎಸ್ ಕೊಡುವುದು ಕೆಲವೇ ನಿಮಿಷ. ಅದು ಕೆಲಸ ಮುಂದುವರಿಸಲು ಅಲ್ಲ, ಬರೆದದ್ದನ್ನು ಉಳಿಸಿ ಕ್ರಮವಾಗಿ ನಿಲ್ಲಿಸಲು.

ಅಂಗಡಿಗೆ ಹೋಗುವ ಮುನ್ನ

ಪರದೆಯ ಮೇಲೆ ಬಂದ ಸಂದೇಶವನ್ನು ಅಕ್ಷರಶಃ ಬರೆದುಕೊಳ್ಳಿ ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ತೊಂದರೆಗೆ ಮುಂಚೆ ಹೊಸದಾಗಿ ಏನು ಹಾಕಿದಿರಿ, ಏನು ಬದಲಿಸಿದಿರಿ ಎಂಬುದನ್ನು ಗುರುತಿಸಿ. ಪರವಾನಗಿ ಯಾವ ಬಗೆಯದು, ಕೀಲಿ ಎಲ್ಲಿದೆ ಎಂದು ತಿಳಿದಿರಿ. “ಫಾರ್ಮ್ಯಾಟ್ ಮಾಡೋಣ” ಎಂದರೆ, “ನನ್ನ ಕಡತಗಳ ನಕಲು ಆದ ಮೇಲೆ” ಎನ್ನಿ. ಬದಲಿಸಿದ ಹಳೆಯ ಭಾಗವನ್ನೂ ರಸೀದಿಯನ್ನೂ ಕೇಳಿ ಪಡೆಯಿರಿ.

ಇದೆಲ್ಲಕ್ಕಿಂತ ಮೊದಲು, ಯಂತ್ರ ಚೆನ್ನಾಗಿರುವಾಗಲೇ ನಿಮ್ಮ ಬರಹಗಳ ಎರಡು ಪ್ರತಿ ಮಾಡಿ. ಒಂದನ್ನು ಮನೆಯ ಹೊರಗೆ ಇಡಿ: ಬೆಳಗಾವಿಯ ಹಾಸ್ಟೆಲಿನಲ್ಲಿರುವ ಅಕ್ಕನ ಬಳಿಯಾದರೂ ಸರಿ, ಅಂತರ್ಜಾಲದ ಸಂಗ್ರಹದಲ್ಲಾದರೂ ಸರಿ. ಯಂತ್ರವನ್ನು ಮತ್ತೆ ಕೊಳ್ಳಬಹುದು. ವರ್ಷವಿಡೀ ಬರೆದ ವರದಿಯನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.