ಅಣಬೆಗೂ ನೆರೆಹೊರೆ ಬೇಕು

ಮಳೆಗಾಲ ಕಾಲಿಟ್ಟಿತೆಂದರೆ ವಸಾಯಿ, ಪಾಲ್ಘರ್ ಕಡೆಯ ರಸ್ತೆಗಳ ಅಂಚಿನಲ್ಲಿ ಆದಿವಾಸಿ ಹೆಂಗಸರು ಕಾಡುಸೊಪ್ಪಿನ ಜೊತೆಗೆ ಅಣಬೆಯನ್ನೂ ಮಾರಲು ಕೂಡುತ್ತಾರೆ. ಮರಾಠಿಯಲ್ಲಿ ಅದು 'ಅಳಂಬಿ'. ನಮ್ಮ ತುಳು ಬಾಂಧವರಿಗೆ 'ಅಲಂಬು'. ಹೆಸರೇ ಇಷ್ಟು ಹತ್ತಿರವಿರುವಾಗ ಚೌಕಾಸಿಗೆ ದುಭಾಷಿ ಬೇಕೆ?

ಇದರಲ್ಲಿ ಒಂದು ಮುಖ್ಯ ಬಗೆಯು ಗೆದ್ದಲಿನ ಬೇಸಾಯದ ಫಲ. ಗೆದ್ದಲು ಒಣಮರವನ್ನೂ ತರಗೆಲೆಯನ್ನೂ ತಿಂದು, ಹುತ್ತದೊಳಗೆ ತೋಟ ಕಟ್ಟಿ, ಅಲ್ಲಿ ಶಿಲೀಂಧ್ರವನ್ನು ಸಾಕುತ್ತದೆ. ನೆಲ ನೆನೆದಾಗ ಆ ತೋಟದಿಂದ ಕೊಡೆಗಳು ಮೇಲೇಳುತ್ತವೆ. 1942ರಲ್ಲಿ ಫ್ರೆಂಚ್ ವಿಜ್ಞಾನಿ ರೋಜೆ ಹೈಮ್ ಇದರ ಕುಲಕ್ಕೆ 'ಟರ್ಮಿಟೊಮೈಸಿಸ್' ಎಂದು ಹೆಸರಿಟ್ಟರು. ಕರಾವಳಿಯ ಕಲ್ಲಣಬೆಯದು ಬೇರೆ ನಂಟು. ಗೋಲಿಯಂತಹ ಈ ಅಣಬೆ ಮರದ ಬೇರಿಗೆ ಲವಣಾಂಶವನ್ನು ಕೊಟ್ಟು, ಅದರಿಂದ ಸಕ್ಕರೆಯನ್ನು ಪಡೆಯುತ್ತದೆ. ಒಳಗೆ ಬೆಳ್ಳಗಿರುವಾಗ ಗಸಿಗೆ ಉತ್ತಮ. ಕಪ್ಪಾದರೆ ಬಿಸಾಡುವುದೇ ಸರಿ.

ಜಪಾನೀಯರು ತಲೆಯ ಮೇಲಿಟ್ಟುಕೊಳ್ಳುವ 'ಮತ್ಸುತಾಕೆ'ಯೂ ಕಲ್ಲಣಬೆಯಂತೆಯೇ ಬೇರಿನ ಗೆಳೆಯ. 'ಮತ್ಸು' ಎಂದರೆ ಪೈನ್ ಮರ, 'ತಾಕೆ' ಎಂದರೆ ಅಣಬೆ. ಅದರ ಪರಿಮಳ ಹೋದೀತೆಂದು ಅಲ್ಲಿನ ಗೃಹಿಣಿಯರು ನೀರಿನಲ್ಲಿ ನೆನೆಹಾಕದೆ ಒದ್ದೆಬಟ್ಟೆಯಿಂದ ಒರೆಸುತ್ತಾರೆ; ಸೀಳಿ, ಸೋಯಾ ರಸವೂ ಕಡಲಪಾಚಿಯ ಸಾರೂ ಬೆರೆಸಿದ ಅನ್ನದೊಡನೆ ಬೇಯಿಸುತ್ತಾರೆ. ಮಸಾಲೆಯ ಸುಳಿವಿಲ್ಲ. ಶರತ್ಕಾಲದ ಹಬ್ಬದೂಟ ಅದು.

ಇಷ್ಟು ಪ್ರೀತಿಯ ಅಣಬೆಯನ್ನು ತೋಟದಲ್ಲಿ ವ್ಯಾಪಾರಕ್ಕೆ ಬೆಳೆಯಲು ಇನ್ನೂ ಸಾಧ್ಯವಾಗಿಲ್ಲ. ಪೈನ್ ಮರಗಳಿಗೆ ರೋಗ ತಗುಲಿತು. ಹಳ್ಳಿಗರು ಸೌದೆ, ತರಗೆಲೆ ಆಯುವುದನ್ನು ಬಿಟ್ಟರು. ಕಾಡಿನ ನೆಲ ದಟ್ಟವಾಯಿತು, ಅಣಬೆ ಹಿಂದೆಗೆಯಿತು. 2020ರಲ್ಲಿ ಅದು ಜಗತ್ತಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಜನ ಊರು ಬಿಟ್ಟರೆ ಅಣಬೆಯೂ ಊರು ಬಿಡುತ್ತದೆಂದಾಯಿತು!

ಊರು ಬಿಟ್ಟು ಮುಂಬಯಿಗೆ ಬಂದ ನಮಗೆ ಈ ಮಾತು ತಟ್ಟಬೇಕು. ಹುತ್ತದ ಗುರುತು, ತಿನ್ನುವ ಅಣಬೆಯ ಗುರುತು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಅರಿವು ಹೋಗಿ ಆಸೆ ಉಳಿದರೆ ಅಪಾಯ. ಕಾಲೊನಿಯ ಹುಲ್ಲಿನಲ್ಲಿ ಮಳೆಗೆ ಏಳುವ ದೊಡ್ಡ ಬಿಳಿಕೊಡೆಗಳಲ್ಲಿ ಒಂದು ಜಾತಿ ವಿಷದ್ದು. ಬಲಿತಾಗ ಅದರ ಕೆಳಪದರ ಹಸಿರಾಗುತ್ತದೆ. ತಿಂದರೆ ವಾಂತಿ, ಭೇದಿ ತಪ್ಪದು. ಬೆಳ್ಳಿಯ ಚಮಚೆ ಕಪ್ಪಾಗದಿದ್ದರೆ, ಬೆಳ್ಳುಳ್ಳಿ ಬಣ್ಣಗೆಡದಿದ್ದರೆ ಅಣಬೆ ಒಳ್ಳೆಯದೆಂಬ ಹಳೆಯ ಪರೀಕ್ಷೆಗಳನ್ನು ನಂಬಬೇಡಿರಿ. ಬೇಯಿಸಿದರೂ ಹೋಗದ ವಿಷಗಳುಂಟು. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ಕಿತ್ತು ತರುವುದಂತೂ ಕಾನೂನಿಗೆ ವಿರುದ್ಧ.

ಆದುದರಿಂದ ನಾವು ಮಾಡಬಹುದಾದುದಿಷ್ಟು: ವರುಷವರುಷವೂ ಆಯ್ದು ತಂದು ತಾನೂ ಉಣ್ಣುವ ಪರಿಚಿತಳಿಂದಲೇ ಕೊಳ್ಳೋಣ. ಚೆನ್ನಾಗಿ ಬೇಯಿಸೋಣ. ಒಮ್ಮೆಯಾದರೂ ಮಸಾಲೆಯನ್ನು ಬದಿಗಿಟ್ಟು ಅನ್ನದೊಡನೆ ಅಟ್ಟು ಪರಿಮಳ ನೋಡೋಣ. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಹಿರಿಯರ ಹಿಂದೆ ಹಾಡಿಗೆ ಕಳುಹಿಸಿ, ಅವರು ಹೇಳುವ ಅಣಬೆಯ ಹೆಸರು, ಮರ, ಮಳೆಯ ನಕ್ಷತ್ರ ಇವನ್ನು ಒಂದು ಪುಸ್ತಕದಲ್ಲಿ ಬರೆಯಿಸಿಡೋಣ.