ಮೂತ್ರಪಿಂಡಗಳ ಮೌನ

ನಮ್ಮ ಚಂದ್ರಬಂಡದ ಬೇಸಗೆಯು ಉಗ್ರವಾದುದು. ಬೆವರಿಗೆ ತಕ್ಕಷ್ಟು ನೀರು ಕುಡಿಯದವರಿಗೆ ಮೂತ್ರದಲ್ಲಿ ಹರಳು ಕಟ್ಟುವುದುಂಟು. ಹರಳಿನ ನೋವು ತಾನಾಗಿಯೇ ನಮ್ಮನ್ನು ವೈದ್ಯರ ಬಳಿಗೆ ಓಡಿಸುತ್ತದೆ. ನಾವು ಹೆಚ್ಚಾಗಿ ಅಂಜಬೇಕಾದುದು ನೋವಿಲ್ಲದ ವ್ಯಾಧಿಗೆ.

ಎರಡು ಮೂತ್ರಪಿಂಡಗಳೂ ಒಂದೊಂದರಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳನ್ನು ಹೊಂದಿ, ಹಗಲಿರುಳು ರಕ್ತವನ್ನು ಸೋಸುತ್ತವೆ. ಸಕ್ಕರೆ ಕಾಯಿಲೆಯೂ ರಕ್ತದ ಒತ್ತಡವೂ ಇವನ್ನು ಮೆಲ್ಲಮೆಲ್ಲನೆ ಕೆಡಿಸುತ್ತವೆ. ಬಹುಭಾಗ ಕೆಟ್ಟ ಮೇಲೆಯೇ ದೇಹಕ್ಕೆ ಅರಿವಾಗುವುದು. ಆದುದರಿಂದ ಇವುಗಳಲ್ಲೊಂದಿದ್ದವರು ವರ್ಷಕ್ಕೊಮ್ಮೆಯಾದರೂ ಮೂತ್ರದ ಅಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆಗಳನ್ನು ಮಾಡಿಸತಕ್ಕದ್ದು. ಮೊಣಕಾಲ ನೋವಿಗೆಂದು ಅಂಗಡಿಯ ಗುಳಿಗೆಗಳನ್ನು ದಿನವೂ ನುಂಗುವವರೂ ಎಚ್ಚರದಿಂದಿರಬೇಕು.

ಆರೋಗ್ಯವಂತ ತರುಣರಲ್ಲಿ 90ಕ್ಕೂ ಮೇಲಿರುವ ಸೋಸುವ ಪ್ರಮಾಣವು 30ಕ್ಕಿಂತ ಇಳಿದರೆ, ಅಥವಾ ಬೇಗಬೇಗನೆ ಇಳಿಯುತ್ತಿದ್ದರೆ, ಅಲ್ಬುಮಿನ್ ಬಹಳವಾಗಿ ಹೋಗುತ್ತಿದ್ದರೆ, ಮುಖಪಾದಗಳು ಊದಿಕೊಳ್ಳುತ್ತಿದ್ದರೆ, ಹಲವು ಔಷಧಗಳಿಗೂ ಒತ್ತಡವು ಬಗ್ಗದಿದ್ದರೆ, ಮೂತ್ರಪಿಂಡ ತಜ್ಞರನ್ನು ಕಾಣಲೇಬೇಕು.

ತಜ್ಞರ ಬಳಿಗೆ ಹೋದರೆ ಡಯಾಲಿಸಿಸ್ ತಪ್ಪದೆಂಬ ಭೀತಿ ಅನೇಕರಲ್ಲುಂಟು. ಸತ್ಯವು ಇದಕ್ಕೆ ವಿರುದ್ಧ. ಬೇಗನೆ ಹೋದವರಲ್ಲಿ ಅನೇಕರಿಗೆ ಅದು ವರ್ಷಗಟ್ಟಲೆ ಮುಂದೆ ಹೋಗುವುದು. ಕೆಲವರಿಗೆ ಬೇಕಾಗುವುದೇ ಇಲ್ಲ. ತಡಮಾಡಿದವರೇ ಅದರ ಬಾಗಿಲಿಗೆ ಬೇಗ ಬಂದು ನಿಲ್ಲುವರು.

ಮನೆಯವರೆಲ್ಲರ ಔಷಧವನ್ನು ನೆನಪಿಡುವ ತಾಯಿ ತನ್ನ ಪರೀಕ್ಷೆಯನ್ನು ಮರೆಯುತ್ತಾಳೆ. ಪ್ರಿಯ ಸಹೋದರಿಯರೇ, ಆಕೆಯ ಪರೀಕ್ಷೆಯ ಚೀಟಿಯನ್ನು ನೀವೇ ಓದಿ ನೋಡಿರಿ. ನಾವು ಕಲಿತ ಅಕ್ಷರಕ್ಕೆ ಇದಕ್ಕಿಂತ ಹತ್ತಿರದ ಕೆಲಸವಾವುದು?