ರಮಝಾನ್ ಕಿಟ್ ಖಾಲಿಯಾದ ಮೇಲೆ ಎಂತ?

ರಮಝಾನ್ ತಿಂಗಳಲ್ಲಿ ನಮ್ಮ ಊರುಗಳಲ್ಲಿ ಕಿಟ್‌ಗೆ ಬರ ಇಲ್ಲ. ಜಮಾಅತ್ ಕಮಿಟಿಯದ್ದು ಒಂದು, ಯುವಕರ ಸಂಘದ್ದು ಒಂದು, ಗಲ್ಫ್‌ನಲ್ಲಿರುವವರು ಸೇರಿ ಕಳುಹಿಸಿದ್ದು ಮತ್ತೊಂದು. ಕೆಲವು ಮನೆಗಳಿಗೆ ಮೂರು ಮೂರು ಚೀಲ ಬಂದು, ಸಕ್ಕರೆ, ಖರ್ಜೂರ ಪಕ್ಕದ ಮನೆಗೆ ಕೊಡುವಷ್ಟು ಉಳಿಯುತ್ತದೆ. ಪೆರ್ನಾಲಿನ ಮುನ್ನಾದಿನ ಫಿತ್ರ್ ಝಕಾತಿನ ಅಕ್ಕಿಯೂ ಬಂದು ಸೇರುತ್ತದೆ. ಕೊಡುವವರಿಗೂ ಖುಷಿ, ಪಡೆಯುವವರಿಗೂ ನೆಮ್ಮದಿ.

ಆದರೆ ಅದೇ ಮನೆಯ ಅಕ್ಕಿ ಡಬ್ಬದಲ್ಲಿ ಜೂನ್ ಕೊನೆಗೆ ಎಷ್ಟು ಉಂಟು ಎಂದು ಕೇಳಿದವರು ಎಷ್ಟು ಜನ?

ಕರಾವಳಿಯಲ್ಲಿ ಕೈ ಕಟ್ಟಿಹೋಗುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟ್ ನಿಂತರೆ ಬೋಟಿನವರಿಗೆ ಮಾತ್ರ ಕಷ್ಟ ಎಂದು ತಿಳಿಯಬೇಡಿ. ಧಕ್ಕೆಯಲ್ಲಿ ಮೀನು ಹೊರುವವರು, ಮಂಜುಗಡ್ಡೆ ಸಾಗಿಸುವವರು, ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿ ಮನೆಮನೆಗೆ ಮೀನು ಮಾರುವವರು, ಎಲ್ಲರ ಸಂಪಾದನೆಗೂ ಪೆಟ್ಟು. ಗಾರೆ ಕೆಲಸ ಮಳೆಗೆ ಅರ್ಧಕ್ಕರ್ಧ ನಿಲ್ಲುತ್ತದೆ. ಬೀಡಿ ಕಟ್ಟುವ ಹೆಂಗಸರ ವಾರದ ಮಜೂರಿಯಲ್ಲಿ ಮನೆ ಸಾಗಬೇಕು. ಅದೇ ಹೊತ್ತಿಗೆ ಶಾಲೆ ಶುರು: ಪುಸ್ತಕ, ಯೂನಿಫಾರ್ಮ್, ಕೊಡೆ, ವ್ಯಾನಿನ ಬಾಡಿಗೆ. ತುಳುನಾಡಿನಲ್ಲಿ ಆಟಿ ತಿಂಗಳನ್ನು ಕಷ್ಟದ ತಿಂಗಳು ಎಂದು ಹಿರಿಯರು ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಕೊಡುವ ಮನಸ್ಸು ನಮ್ಮಲ್ಲಿ ಧಾರಾಳ ಉಂಟು. ಅದನ್ನು ವರ್ಷದ ಹನ್ನೆರಡು ತಿಂಗಳಿಗೆ ಹರಡುವ ವ್ಯವಸ್ಥೆ ಇಲ್ಲ. ಇದೇ ತಾಪತ್ರಯವನ್ನು ಬೇರೆ ಕೆಲವು ದೇಶಗಳಲ್ಲಿ ಶಾಲೆಯ ಮಕ್ಕಳು ಮತ್ತು ನೆರೆಕರೆಯವರು ಸೇರಿ ಒಂದು ಮಟ್ಟಿಗೆ ಪರಿಹರಿಸಿಕೊಂಡಿದ್ದಾರೆ. ಅವರು ಕಟ್ಟಿಕೊಂಡದ್ದು ಫುಡ್ ಬ್ಯಾಂಕ್.

ಹಳೇ ಬೇಕರಿಯಲ್ಲಿ ಶುರುವಾದ ಬ್ಯಾಂಕ್

ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವಾನ್ ಹೆಂಗೆಲ್ ಎಂಬವರು ಬಡವರಿಗೆ ಊಟ ಹಾಕುವ ಒಂದು ಅಡುಗೆಮನೆಯಲ್ಲಿ ಸ್ವಯಂಸೇವಕರಾಗಿದ್ದರು. ಅಂಗಡಿಗಳ ಹಿಂದೆ ಎಸೆದ, ಆದರೆ ಹಾಳಾಗದ ಆಹಾರವನ್ನು ಹೆಕ್ಕಿ ತಂದು ಹತ್ತು ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳ ಪರಿಚಯ ಅವರಿಗಾಯಿತು. ಹಣ ಇಡಲಿಕ್ಕೆ, ತೆಗೆಯಲಿಕ್ಕೆ ಬ್ಯಾಂಕ್ ಇರುವ ಹಾಗೆ ಆಹಾರಕ್ಕೂ ಒಂದು ಜಾಗ ಇರಬೇಕಿತ್ತು ಎಂಬುದು ಆಕೆಯ ಮಾತು. ಆ ಮಾತನ್ನು ವಾನ್ ಹೆಂಗೆಲ್ ಬಿಡಲಿಲ್ಲ. ಅಲ್ಲಿನ ಸೈಂಟ್ ಮೇರೀಸ್ ಚರ್ಚ್ ಪಾಳುಬಿದ್ದ ಒಂದು ಬೇಕರಿ ಕಟ್ಟಡವನ್ನೂ 3,000 ಡಾಲರನ್ನೂ ಕೊಟ್ಟಿತು. 1967ರಲ್ಲಿ ಜಗತ್ತಿನ ಮೊದಲ ಫುಡ್ ಬ್ಯಾಂಕ್ ಹೀಗೆ ಶುರುವಾಯಿತು. ಮೊದಲ ವರ್ಷವೇ 2,75,000 ಪೌಂಡ್, ಅಂದರೆ ಸುಮಾರು 125 ಟನ್ ಆಹಾರ ಅಲ್ಲಿಂದ ಹೋಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಫುಡ್ ಬ್ಯಾಂಕ್ ಎಂದರೆ ಊಟದ ಹಾಲ್ ಅಲ್ಲ, ಮದುವೆಯಲ್ಲಿ ಉಳಿದ ಬಿರಿಯಾನಿ ಹಂಚುವ ಕೆಲಸವೂ ಅಲ್ಲ. ಬೇಯಿಸಿದ್ದು ಕೆಲವೇ ಗಂಟೆಗಳಲ್ಲಿ ಮುಗಿಯಬೇಕು. ಫುಡ್ ಬ್ಯಾಂಕಿನಲ್ಲಿ ಮುಖ್ಯವಾಗಿ ಇರುವುದು ಹಾಳಾಗದೆ ಉಳಿಯುವ ಸಾಮಾನು. ಇವತ್ತು ಬಂದದ್ದನ್ನು ತೂಕ ಮಾಡಿ, ತಾರೀಕು ನೋಡಿ ಜೋಡಿಸಿಟ್ಟು, ಬೇಕಾದ ದಿನ ಬೇಕಾದ ಮನೆಗೆ ಕೊಡುವ ಉಗ್ರಾಣ ಅದು.

ಒಂದು ಮಗು, ಒಂದು ಡಬ್ಬಿ

ಬ್ರಿಟನ್‌ನಲ್ಲಿ ಟ್ರಸೆಲ್ ಟ್ರಸ್ಟ್ ಎಂಬ ಸಂಸ್ಥೆಯ ಮೊದಲ ಫುಡ್ ಬ್ಯಾಂಕ್ 2000ದಲ್ಲಿ ಸಾಲ್ಸ್‌ಬರಿ ಎಂಬ ಊರಿನಲ್ಲಿ ತೆರೆಯಿತು. ಇವತ್ತು ದೇಶದ ಉದ್ದಗಲಕ್ಕೂ ಅದರ ಜಾಲ ಉಂಟು. ಆ ಜಾಲಕ್ಕೆ ಆಹಾರ ಬರುವ ದಾರಿಗಳಲ್ಲಿ ಶಾಲೆಗಳದ್ದು ಮುಖ್ಯವಾದದ್ದು. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಅಲ್ಲಿನ ಶಾಲೆಗಳಲ್ಲಿ ಸುಗ್ಗಿಯ ಹಬ್ಬ ಮಾಡುತ್ತಾರೆ. ಆಗ ಪ್ರತಿ ಮಗು ಮನೆಯಿಂದ ಒಂದು ಡಬ್ಬಿ ತರುತ್ತದೆ: ಬೇಳೆಯೋ, ಟೊಮೆಟೊವೋ, ಮೀನೋ. ಎಲ್ಲ ಸೇರಿ ಹತ್ತಿರದ ಫುಡ್ ಬ್ಯಾಂಕಿಗೆ ಹೋಗುತ್ತದೆ.

ಸುಮ್ಮನೆ ತಂದು ಸುರಿಯುವುದಿಲ್ಲ. ಯಾವ ಸಾಮಾನು ಮುಗಿದಿದೆ, ಯಾವುದು ರಾಶಿ ಬಿದ್ದಿದೆ ಎಂದು ಫುಡ್ ಬ್ಯಾಂಕ್ ಪಟ್ಟಿ ಕೊಡುತ್ತದೆ. ಶಾಲೆ ಆ ಪಟ್ಟಿ ನೋಡಿ ಪೋಷಕರಿಗೆ ಚೀಟಿ ಕಳುಹಿಸುತ್ತದೆ. ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಒಂದೊಂದು ತರಗತಿಗೆ ಒಂದೊಂದು ಸಾಮಾನು ಹಂಚುವುದುಂಟು. ಹಾಗೆ ಮಾಡದಿದ್ದರೆ ಎಲ್ಲರೂ ಒಂದೇ ಬಗೆಯದ್ದನ್ನು ತರುತ್ತಾರೆ. ನಮ್ಮಲ್ಲಿ ಕಿಟ್ ಎಂದರೆ ಅಕ್ಕಿ, ಸಕ್ಕರೆ ಎಂದು ಎಲ್ಲರೂ ಅದನ್ನೇ ಕೊಡುವ ಹಾಗೆ.

ಬ್ರಿಟನ್‌ನ ಶಾಲೆಗಳು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಟ್ರಸೆಲ್ ಜಾಲದಲ್ಲಿ ಹೆಚ್ಚಿನ ಕಡೆ ಆಹಾರ ಪಡೆಯಲಿಕ್ಕೆ ಒಂದು ಚೀಟಿ ಬೇಕು. ಅದನ್ನು ಕೊಡುವವರು ಡಾಕ್ಟರು, ಸಮಾಜ ಸೇವಾ ಇಲಾಖೆಯವರು ಅಥವಾ ಶಾಲೆಯವರು. ಮಗು ಬೆಳಿಗ್ಗೆ ತಿಂಡಿ ತಿಂದು ಬಂದಿಲ್ಲ, ನಾಲ್ಕು ದಿನದಿಂದ ಮಂಕಾಗಿದೆ ಎಂಬುದು ಮೊದಲು ಗೊತ್ತಾಗುವುದು ಟೀಚರಿಗೆ ಅಲ್ವಾ? ಆ ಚೀಟಿಯಲ್ಲಿ ಕನಿಷ್ಠ 3 ದಿನಕ್ಕೆ ಸಾಕಾಗುವ ಆಹಾರ ಸಿಗುತ್ತದೆ. ಕಷ್ಟ ಯಾಕೆ ಬಂತು, ಯಾವ ಸರಕಾರಿ ಸೌಲಭ್ಯ ತಪ್ಪಿದೆ ಎಂದು ಕೂತು ಮಾತಾಡಿ ದಾರಿ ತೋರಿಸುವವರೂ ಅಲ್ಲಿ ಇರುತ್ತಾರೆ. 2023-24ರಲ್ಲಿ ಈ ಜಾಲ ಕೊಟ್ಟ ತುರ್ತು ಪೊಟ್ಟಣಗಳು 31 ಲಕ್ಷಕ್ಕಿಂತ ಹೆಚ್ಚು. ಅದರಲ್ಲಿ 11 ಲಕ್ಷಕ್ಕಿಂತ ಹೆಚ್ಚು ಮಕ್ಕಳಿಗಾಗಿ. ಶ್ರೀಮಂತ ದೇಶದಲ್ಲೂ ಇಷ್ಟೊಂದು ಬೇಕಾಗುವುದು ಹೆಮ್ಮೆಯ ಮಾತಲ್ಲ. ದುಡಿದವನಿಗೆ ಸರಿಯಾದ ಮಜೂರಿ ಸಿಗುವುದು ದೊಡ್ಡ ಪರಿಹಾರ, ಫುಡ್ ಬ್ಯಾಂಕ್ ಅಲ್ಲಿಯವರೆಗಿನ ಆಸರೆ. ಅದು ನಮಗೂ ನೆನಪಿರಬೇಕು.

ಲಂಡನ್ನಿನ ಬ್ರೆಂಟ್ ಪ್ರದೇಶದಲ್ಲಿ 2013ರಿಂದ ನಡೆಯುತ್ತಿರುವ ಒಂದು ಫುಡ್ ಬ್ಯಾಂಕಿನ ಹೆಸರು ಕೇಳಿದರೆ ನಮ್ಮವರಿಗೆ ಖುಷಿಯಾಗಬಹುದು: ‘ಸುಫ್ರ’. ನಾವು ನೆಲದಲ್ಲಿ ಕೂತು ಉಣ್ಣುವಾಗ ಹಾಸುವ ಅದೇ ಸುಫ್ರ. ಹೆಸರು ಅದಾದರೂ ಬರುವವರ ಜಾತಿ, ಧರ್ಮ ಅಲ್ಲಿ ಯಾರೂ ಕೇಳುವುದಿಲ್ಲ.

ಪೋಸ್ಟ್‌ಮ್ಯಾನ್‌ಗಳು ಮೇ ತಿಂಗಳನ್ನೇ ಆರಿಸಿದ್ದು ಯಾಕೆ?

ಇನ್ನು ನಮ್ಮ ಮಳೆಗಾಲದ ಪ್ರಶ್ನೆಗೆ ನೇರ ಉತ್ತರ ಕೊಡುವ ಒಂದು ಸಂಗತಿ. ಅಮೆರಿಕದಲ್ಲಿ ಜನ ಧಾರಾಳವಾಗಿ ಕೊಡುವುದು ನವೆಂಬರ್, ಡಿಸೆಂಬರ್‌ನಲ್ಲಿ, ಅವರ ಹಬ್ಬಗಳ ಸಮಯದಲ್ಲಿ. ಬೇಸಿಗೆ ಹತ್ತಿರ ಬರುವಾಗ ಕಪಾಟುಗಳು ಖಾಲಿ. ಬೇಸಿಗೆ ರಜೆ ಶುರುವಾದರೆ ಮಕ್ಕಳಿಗೆ ಶಾಲೆಯ ಊಟವೂ ಇಲ್ಲ. ಇದನ್ನು ನೋಡಿ ಅಲ್ಲಿನ ಅಂಚೆಯಣ್ಣಂದಿರ ಸಂಘ ಮೇ ತಿಂಗಳ ಎರಡನೇ ಶನಿವಾರವನ್ನು ಆಹಾರ ಸಂಗ್ರಹದ ದಿನ ಮಾಡಿತು. 1991ರಲ್ಲಿ 10 ಊರುಗಳಲ್ಲಿ ಪ್ರಯೋಗ ಮಾಡಿ ನೋಡಿದರು. 1993ರ ಮೇ ತಿಂಗಳಲ್ಲಿ ದೇಶದಾದ್ಯಂತ ಮಾಡಿದಾಗ ಒಂದೇ ದಿನದಲ್ಲಿ 1 ಕೋಟಿ 10 ಲಕ್ಷ ಪೌಂಡ್‌ಗಿಂತ ಹೆಚ್ಚು ಆಹಾರ ಸೇರಿತು, ಸುಮಾರು 5,000 ಟನ್.

ಜನ ಮಾಡಬೇಕಾದದ್ದು ಇಷ್ಟೇ: ಒಂದು ಚೀಲದಲ್ಲಿ ಸಾಮಾನು ಹಾಕಿ ಮನೆಯ ಅಂಚೆ ಡಬ್ಬದ ಹತ್ತಿರ ಇಡುವುದು. ಹೇಗೂ ಆ ದಾರಿಯಲ್ಲಿ ಬರುವ ಪೋಸ್ಟ್‌ಮ್ಯಾನ್ ಎತ್ತಿಕೊಂಡು ಹೋಗುತ್ತಾನೆ. ದಾನಿಗಳನ್ನು ಹುಡುಕಿಕೊಂಡು ಹೋಗುವ ಖರ್ಚೂ ಇಲ್ಲ, ವೇದಿಕೆ, ಭಾಷಣವೂ ಇಲ್ಲ. ತಿಂಗಳನ್ನು ಸರಿಯಾಗಿ ಆರಿಸಿದ್ದು, ದಾರಿಯನ್ನು ಸುಲಭ ಮಾಡಿದ್ದು, ಎರಡೇ ಉಪಾಯ.

ಮುಷ್ಟಿ ಅಕ್ಕಿಯ ಲೆಕ್ಕ

ಇದೆಲ್ಲ ನಮಗೆ ಹೊಸತಾ? ಅಲ್ಲವೇ ಅಲ್ಲ. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ತೆಗೆದು ಬೇರೆ ಪಾತ್ರೆಗೆ ಹಾಕುವ ಕ್ರಮ ಇತ್ತು. ಮಲಬಾರಿನಲ್ಲಿ ಅದಕ್ಕೆ ‘ಪಿಡಿಯರಿ’ ಎನ್ನುತ್ತಾರೆ. ಹೀಗೆ ಸೇರಿದ ಅಕ್ಕಿಯ ಬಲದಲ್ಲಿ ಮದ್ರಸಗಳು ನಡೆದದ್ದುಂಟು. ಕೊಟ್ಟವರು ಸಾಹುಕಾರರಲ್ಲ. ತಮಗೇ ಸಾಲದ ಅಡುಗೆಯಿಂದ ಒಂದು ಮುಷ್ಟಿ ತೆಗೆದಿಟ್ಟ ಉಮ್ಮಂದಿರು.

ಒಂದು ಮುಷ್ಟಿ ಅಂದಾಜು 50 ಗ್ರಾಂ ಎಂದು ಇಟ್ಟುಕೊಳ್ಳಿ. ದಿನಕ್ಕೆ ಒಂದು ಸಲ ತೆಗೆದಿಟ್ಟರೆ ತಿಂಗಳಿಗೆ ಒಂದೂವರೆ ಕಿಲೋ. 100 ಮನೆಯ ಮೊಹಲ್ಲಾದಲ್ಲಿ ತಿಂಗಳಿಗೆ ಒಂದೂವರೆ ಕ್ವಿಂಟಾಲ್. ಶಾಲೆಯ ಲೆಕ್ಕವೂ ಹಾಗೇ: 400 ಮಕ್ಕಳು ತಲಾ ಅರ್ಧ ಕಿಲೋ ತಂದರೆ ಒಂದೇ ದಿನದಲ್ಲಿ 200 ಕಿಲೋ. ಯಾರ ಜೇಬಿಗೂ ಭಾರವಿಲ್ಲ.

ಆದರೆ ಎಂತ ತರಬೇಕು? ಅಕ್ಕಿಯೇ ಆಗಬೇಕೆಂದಿಲ್ಲ. ಕಾರ್ಡ್ ಇರುವ ಮನೆಗೆ ರೇಷನ್ ಅಕ್ಕಿ ಬರುತ್ತದೆ. ಗಂಜಿಗೆ ಅಕ್ಕಿ ಉಂಟು, ಜೊತೆಗೆ ನಂಜಿಕೊಳ್ಳಲಿಕ್ಕೆ ಏನೂ ಇಲ್ಲ ಎನ್ನುವ ಮನೆಗಳೇ ಹೆಚ್ಚು. ಹೆಸರು ಕಾಳು, ಕಡಲೆ, ತೊಗರಿ ಬೇಳೆ, ತೆಂಗಿನೆಣ್ಣೆ, ಚಾ ಹುಡಿ, ಮೆಣಸಿನ ಹುಡಿ, ಹಾಲಿನ ಹುಡಿ, ಸಾಬೂನು, ಹೆಣ್ಣುಮಕ್ಕಳಿಗೆ ಬೇಕಾದ ಪ್ಯಾಡ್: ಇವು ಪಟ್ಟಿಯಲ್ಲಿ ಇರಲಿ. ಅಕ್ಕಿ ಮುಖ್ಯವಾಗಿ ಬೇಕಾದದ್ದು ಕಾರ್ಡ್ ಇಲ್ಲದವರಿಗೆ, ಬಾಡಿಗೆ ಕೋಣೆಯಲ್ಲಿರುವ ಹೊರರಾಜ್ಯದ ಕೂಲಿಯವರಿಗೆ. ಅವರ ಮಕ್ಕಳೂ ನಮ್ಮ ಮಕ್ಕಳ ಜೊತೆಯೇ ಶಾಲೆಯಲ್ಲಿ ಕೂತಿರುತ್ತಾರೆ.

ನಮ್ಮೂರಲ್ಲಿ ಶುರು ಮಾಡುವುದಾದರೆ

ಸಂಗ್ರಹದ ದಿನವನ್ನು ರಮಝಾನಿಗೆ ಇಡಬೇಡಿ. ಆಗ ಹೇಗೂ ಬರುತ್ತದೆ. ಶಾಲೆ ತೆರೆದ ಎರಡನೇ ವಾರ ಒಂದು, ಜುಲೈ ಮಧ್ಯದಲ್ಲಿ ಒಂದು, ಹೀಗೆ ಎರಡು ದಿನ ಸಾಕು. ರಮಝಾನಿನಲ್ಲಿ ಬರುವ ಹಣದಲ್ಲಿ ಸದಕದ ಒಂದು ಪಾಲನ್ನು ಮಳೆಗಾಲಕ್ಕೆ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಝಕಾತಿನ ಹಣಕ್ಕೆ ಅದರದ್ದೇ ಆದ ನಿಯಮ, ಹಕ್ಕುದಾರರು ಇದ್ದಾರೆ. ಅದನ್ನು ಇದಕ್ಕೆ ಬೆರೆಸಬೇಡಿ. ಸಂಶಯ ಬಂದರೆ ಉಸ್ತಾದರ ಹತ್ತಿರ ಕೇಳಿ.

ಜಾಗ ಶಾಲೆಯದ್ದಾದರೆ ಒಳ್ಳೆಯದು. ಮಸೀದಿಯಲ್ಲಿ ನಮ್ಮ ಮಕ್ಕಳು ಮಾತ್ರ, ಶಾಲೆಯಲ್ಲಿ ಎಲ್ಲರ ಮಕ್ಕಳು. ಶೆಟ್ಟರ ಮನೆಯ ಕಡಲೆ, ಪಿಂಟೋ ಬಾಯಿ ಕಳುಹಿಸಿದ ಎಣ್ಣೆ, ನಮ್ಮ ಮನೆಯ ಹೆಸರು ಕಾಳು ಒಂದೇ ಡ್ರಮ್ಮಿನ ಪಕ್ಕದಲ್ಲಿ ಕೂತರೆ, ಅದನ್ನು ನೋಡಿ ಬೆಳೆಯುವ ಮಕ್ಕಳಿಗೆ ಬೇರೆ ಭಾಷಣ ಬೇಕಾಗುವುದಿಲ್ಲ. ಕರಾವಳಿಗೆ ಇವತ್ತು ಇದರ ಅಗತ್ಯ ಎಷ್ಟುಂಟು ಎಂದು ಓದುಗರಿಗೆ ಹೇಳಬೇಕಾಗಿಲ್ಲ.

ಮಳೆಗಾಲದಲ್ಲಿ ದಾಸ್ತಾನು ಇಡುವುದು ಹುಡುಗಾಟವಲ್ಲ. ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡಬಾರದು. ಹಲಗೆಯ ಮೇಲೆ, ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ಇಡಬೇಕು. ತಾರೀಕು ಹತ್ತಿರವಾದದ್ದು ಮೊದಲು ಹೊರಗೆ ಹೋಗಬೇಕು. ತಾರೀಕು ಮುಗಿದದ್ದನ್ನು, ಹುಳ ಹಿಡಿದದ್ದನ್ನು ಕಳುಹಿಸಬೇಡಿ. ನಾವು ಉಣ್ಣಲಾರದ್ದನ್ನು ಬಡವನಿಗೆ ಕೊಡುವುದು ದಾನ ಹೇಗಾಗುತ್ತದೆ? ಬಂದದ್ದು, ಹೋದದ್ದು ಒಂದು ಪುಸ್ತಕದಲ್ಲಿ ಬರೆದಿಡಿ. ಲೆಕ್ಕವನ್ನು ಏಳು, ಎಂಟನೇ ಕ್ಲಾಸಿನ ಮಕ್ಕಳಿಗೇ ಬಿಡಿ. ತೂಕ, ಶೇಕಡಾವಾರು ಎಲ್ಲ ಅಲ್ಲೇ ಕಲಿಯುತ್ತಾರೆ.

ಎಲ್ಲಕ್ಕಿಂತ ದೊಡ್ಡದು ಮಾನ. ಕಿಟ್ ಹಿಡಿದುಕೊಂಡು ನಿಂತ ಹೆಂಗಸಿನ ಫೋಟೊ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿದ್ದರೆ, ಮರುದಿನ ಅವಳ ಮಗ ಕ್ಲಾಸಿನಲ್ಲಿ ತಲೆ ಎತ್ತುವುದು ಹೇಗೆ? ಮಾನಕ್ಕೆ ಹೆದರಿ ಹಸಿದುಕೊಂಡೇ ಕೂರುವ ಮನೆಗಳು ನಮ್ಮ ನಡುವೆ ಉಂಟು. ಇತ್ತೀಚೆಗೆ ಕೆಲಸ ಬಿಟ್ಟು ಗಲ್ಫ್‌ನಿಂದ ವಾಪಸ್ ಬಂದವರ ದೊಡ್ಡ ಗೇಟಿನ ಮನೆಯಲ್ಲೂ ಇರಬಹುದು. ಆದ್ದರಿಂದ ಫೋಟೊ ಬೇಡ, ಸಾಲು ಬೇಡ, ಹೆಸರು ಓದುವುದು ಬೇಡ. ಯಾರಿಗೆ ಬೇಕು ಎಂಬುದು ಇಬ್ಬರು ಟೀಚರ್, ಒಬ್ಬ ಆಶಾ ಕಾರ್ಯಕರ್ತೆ, ನೆರೆಕರೆಯ ಒಬ್ಬ ಹಿರಿಯ ಹೆಂಗಸು, ಇಷ್ಟು ಜನರ ಒಳಗೆ ಇರಲಿ. ಹೆಂಗಸರಿಗೆ ಗೊತ್ತಾಗುವ ಕಷ್ಟ ಕಮಿಟಿಯ ಗಂಡಸರಿಗೆ ಗೊತ್ತಾಗುವುದು ತಿಂಗಳ ನಂತರ.

ಚೀಲ ಯಾವ ಮನೆಗೆ ಹೋಯಿತು ಎಂದು ತಂದುಕೊಟ್ಟ ಮಗುವಿಗೂ ಗೊತ್ತಾಗಬೇಕಿಲ್ಲ. ಆ ಮಗು ಈ ವರ್ಷ ಕೊಡುವ ಸಾಲಿನಲ್ಲಿ ಇರಬಹುದು, ಬರುವ ವರ್ಷ ಪಡೆಯುವ ಮನೆಯಲ್ಲೂ ಇರಬಹುದು. ಬ್ಯಾಂಕ್ ಎಂಬ ಹೆಸರಿನ ಅರ್ಥವೇ ಅದು: ಇದ್ದಾಗ ಇಡುವುದು, ಇಲ್ಲದಾಗ ತೆಗೆಯುವುದು.

ನಿಮ್ಮ ಶಾಲೆಯ ಎಸ್‌ಡಿಎಂಸಿ ಅಥವಾ ಪೋಷಕರ ಸಭೆ ಸೇರುವಾಗ ಈ ವಿಷಯವನ್ನು ಒಮ್ಮೆ ಎತ್ತಿ ನೋಡಿ. ಮುಚ್ಚಳ ಇರುವ ಎರಡು ಡ್ರಮ್, ಒಂದು ತಕ್ಕಡಿ, ಒಂದು ಪುಸ್ತಕ, ಜುಲೈ ತಿಂಗಳ ಒಂದು ದಿನ. ಶುರು ಮಾಡಲಿಕ್ಕೆ ಅಷ್ಟು ಸಾಕು.